ಹೊಸ ಪೆಟ್ರೋಲ್ ಟ್ಯಾಂಕಿನೊಳಗೆ ರೆಡ್ ಆಕ್ಸೈಡ್ ಬೇಡ: ಒಂದು ಸ್ಪಷ್ಟನೆ

‘ಹಳೆ ಅಂಬಾಸಿಡರ್, ಪದ್ಮಿನಿ ಕಾರುಗಳಿಗೆ ಹೊಸ ಟ್ಯಾಂಕ್ ಕೂರಿಸುವ ಮೊದಲು ಒಳಗೆ ರೆಡ್ ಆಕ್ಸೈಡ್ ಸುರಿದು ಅಲುಗಾಡಿಸಿ, ಆಯುಷ್ಯವಿಡೀ ತುಕ್ಕು ಹಿಡಿಯದು’ ಎಂಬ ವಾಟ್ಸ್ಆ್ಯಪ್ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಗೇಟು, ಕಿಟಕಿ ಸರಳಿಗೆ ಬಳಿಯುವ ಆ ಬಣ್ಣ ಪೆಟ್ರೋಲಿನಲ್ಲಿ ನೆನೆದು ಮೆತ್ತಗಾಗುತ್ತದೆ, ಆಮೇಲೆ ಚಕ್ಕೆಯಾಗಿ ಏಳುತ್ತದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲಿನಲ್ಲಂತೂ ಇನ್ನೂ ಬೇಗ. ಆ ಚಕ್ಕೆಗಳು ಹೋಗಿ ಕೂರುವುದು ಫಿಲ್ಟರ್‌ನಲ್ಲಿ, ಕಾರ್ಬುರೇಟರಿನ ಜೆಟ್‌ನಲ್ಲಿ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನಲ್ಲಿ.

ಒಳಗೆ ಲೇಪನ ಬೇಕೇಬೇಕೆಂದರೆ ಇಂಧನ ಟ್ಯಾಂಕಿಗೆಂದೇ ಮಾಡಿದ, ಎಥನಾಲ್ ತಡೆಯುತ್ತದೆಂದು ಡಬ್ಬಿಯ ಮೇಲೆ ಬರೆದಿರುವ ಸೀಲರ್ ಬಳಸಿ. ಹೊಸ ಟ್ಯಾಂಕಿನೊಳಗೆ ಸವರಿರುವ ಎಣ್ಣೆಯನ್ನು ಪೂರ್ತಿ ತೊಳೆದು ಒಣಗಿಸದಿದ್ದರೆ ಆ ಸೀಲರೂ ಕಿತ್ತುಬರುತ್ತದೆ. ನನ್ನ ಮಟ್ಟಿಗೆ, ದಿನವೂ ಓಡುವ ಗಾಡಿಗೆ ಒಳಲೇಪನದ ಅಗತ್ಯವೇ ಇಲ್ಲ. ಅರೆಬರೆ ತುಂಬಿದ ಟ್ಯಾಂಕಿನ ಖಾಲಿ ಜಾಗದಲ್ಲಿ ರಾತ್ರಿಯ ತಂಪಿಗೆ ತೇವ ಹನಿಗಟ್ಟುತ್ತದೆ. ಮಳೆಗಾಲದಲ್ಲಿ ತುಂಬಿಸಿಟ್ಟರೆ ಸಾಕು. ವರ್ಷಗಟ್ಟಲೆ ನಿಲ್ಲಿಸುವುದಾದರೆ ಮಾತ್ರ ಪೂರ್ತಿ ಬಸಿದು ಒಣಗಿಸಿ.

ರೆಡ್ ಆಕ್ಸೈಡಿನ ಜಾಗ ಹೊರಮೈ. ಎಪಾಕ್ಸಿ ಪ್ರೈಮರ್ (ಗಟ್ಟಿ ರಾಳದ ತಳಬಣ್ಣ) ಇನ್ನೂ ಮೇಲು. ಟ್ಯಾಂಕ್ ಹಿಡಿದಿರುವ ಪಟ್ಟಿಗಳಡಿ ಕೆಸರು, ನೀರು ನಿಲ್ಲುತ್ತದೆ, ತೂತು ಬೀಳುವುದು ಹೆಚ್ಚಾಗಿ ಅಲ್ಲಿಂದಲೇ. ಅಂದಹಾಗೆ, ಮೀಟರ್ ಯೂನಿಟ್ (ಪೆಟ್ರೋಲ್ ಮಟ್ಟ ಅಳೆಯಲು ಟ್ಯಾಂಕಿಗೆ ಕೂರಿಸಿದ ಭಾಗ) ಅರ್ಥ್ ಆಗುವ, ಅಂದರೆ ಅದರ ಕರೆಂಟ್ ಗಾಡಿಯ ಲೋಹಕ್ಕೆ ಹಾಯುವ ಜಾಗಕ್ಕೂ ಬಣ್ಣ ಮೆತ್ತಬೇಡಿ. ಆಮೇಲೆ ಪೆಟ್ರೋಲ್ ಮುಳ್ಳು ಅಲುಗುವುದಿಲ್ಲವೆಂದು ಟ್ಯಾಂಕನ್ನೇ ಬೈಯಬೇಕಾಗುತ್ತದೆ.