ಎರಡೇ ಬಾಕ್ಸ್ ಸಾರ್

ಗಣೇಶನ ಹಬ್ಬ ಬಂತೆಂದರೆ ಠಾಣೆಯಲ್ಲಿ ಶಾಂತಿ ಸಭೆ. ಹೆಸರಿಗೆ ಶಾಂತಿ, ಚರ್ಚೆಯೆಲ್ಲ ಸದ್ದಿನದ್ದೇ. ಟೀ, ಬಿಸ್ಕತ್ತು ಮುಗಿದ ಮೇಲೆ ಸಾಹೇಬರ ಅಪ್ಪಣೆಯಾಗುತ್ತದೆ: "ಡಿಜೆ ಗೀಜೆ ಇಲ್ಲ. ಎರಡೇ ಬಾಕ್ಸ್." ಮಂಡಳಿಯ ಹುಡುಗರು ಒಕ್ಕೊರಲಿನಿಂದ "ಆಯ್ತು ಸಾರ್" ಎನ್ನುತ್ತಾರೆ. ಇಷ್ಟು ಸಲೀಸಾಗಿ ಒಪ್ಪಿಕೊಂಡರಲ್ಲ ಎಂದು ಯಾರಿಗಾದರೂ ಅನುಮಾನ ಬರಬೇಕಿತ್ತು.

ಬಾಕ್ಸ್ ಅಂದರೆ ಎಂಥದ್ದು ಎಂದು ಸಾಹೇಬರು ಒಂದು ಮಾತು ಕೇಳಿದ್ದರೆ, ಮೂಲೆಯಲ್ಲಿ ಕೂತಿದ್ದ ಸೌಂಡ್ಸ್ ಅಂಗಡಿಯ ಅಣ್ಣ ಪಾಠವನ್ನೇ ಮಾಡುತ್ತಿದ್ದ. ಸ್ಪೀಕರಿನ ಕೋನು ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಎಳೆಯುತ್ತಿರುತ್ತದೆ. ಎರಡೂ ಕಲೆತರೆ ಬೇಸ್ ಅಲ್ಲೇ ಸತ್ತಿತು. ಬೋಳು ಸ್ಪೀಕರನ್ನು ಕೈಯಲ್ಲಿ ಹಿಡಿದು ಹಾಡು ಹಾಕಿ, ಸೊಳ್ಳೆ ಹಾಡಿದಂತಿರುತ್ತದೆ. ಹಿಂದಿನ ಸದ್ದಿಗೆ ಏನು ಗತಿ ಕಾಣಿಸುವುದು ಎಂಬುದರ ಮೇಲೆಯೇ ಬಾಕ್ಸಿನ ಜಾತಿ ನಿಂತಿದೆ.

ಸೀಲ್ಡ್ ಬಾಕ್ಸ್ ಅದನ್ನು ಒಳಗೇ ಕೂಡಿಹಾಕುತ್ತದೆ, ಒಳಗಿನ ಗಾಳಿಯೇ ಸ್ಪ್ರಿಂಗು. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಹೀಗೇ ಮಾಡಿ ಸಣ್ಣ ಪೆಟ್ಟಿಗೆಯಿಂದಲೂ ಆಳವಾದ ಬೇಸ್ ಹೊರಡಿಸಿದ. ಸಂಭಾವಿತ ಬಾಕ್ಸ್, ಆದ್ದರಿಂದ ಮೆರವಣಿಗೆಗೆ ಇದನ್ನು ಯಾರೂ ಕರೆಯುವುದಿಲ್ಲ. ಪೋರ್ಟೆಡ್ ಬಾಕ್ಸಿಗೆ ಒಂದು ಕೊಳವೆ. ಹಿಂದಿನ ಸದ್ದು ಅದರೊಳಗಿಂದ ಬಂದು ಮುಂದಿನದರ ಕೈಹಿಡಿಯುತ್ತದೆ. ಬ್ಯಾಂಡ್‌ಪಾಸ್‌ನಲ್ಲಿ ಸ್ಪೀಕರೇ ಕಾಣದು, ಎರಡು ಕೋಣೆಗಳ ನಡುವೆ ಕೂತು ಕಿಂಡಿಯಿಂದ ಗುಂಯ್ ಅನ್ನುತ್ತಿರುತ್ತದೆ.

ಮೆರವಣಿಗೆಯ ನಿಜವಾದ ದೊರೆ ಫೋಲ್ಡೆಡ್ ಹಾರ್ನ್, ಅಂದರೆ ಮಡಚಿದ ಕಹಳೆ. 50 ಹರ್ಟ್ಜ್ ಬೇಸಿನ ಒಂದು ಅಲೆ ಸುಮಾರು 7 ಮೀಟರ್ ಉದ್ದ. ಅದಕ್ಕೆ ತಕ್ಕ ಕಹಳೆ ಟ್ರ್ಯಾಕ್ಟರಿನಲ್ಲಿ ಹಿಡಿಯದು. ಹಾಗಾಗಿ ಅದನ್ನು ಮಡಚಿ ಮಡಚಿ ಪ್ಲೈವುಡ್ಡಿನೊಳಗೆ ತುರುಕುತ್ತಾರೆ. ಒಳಗೆ 18 ಇಂಚಿನ ಎರಡು ಸ್ಪೀಕರ್. ಇಳಿಸಲು ನಾಲ್ಕಾಳು ಬೇಕು. ಸಾಹೇಬರ ಲೆಕ್ಕಕ್ಕೆ ಒಂದು ಬಾಕ್ಸ್.

(ವ್ಯಾಟಿನ ಲೆಕ್ಕ ಹಿಡಿಯಬಾರದೇ ಎಂದೀರಿ. ಸ್ಪೀಕರ್ ಡಬ್ಬದ ಮೇಲೆ ಉಬ್ಬಿಸಿ ಬರೆಯುವ ಪಿಎಂಪಿಒ ಎಂಬ ವ್ಯಾಟು ನೋಡಿದ್ದೀರಲ್ಲ. ಗೋಡೆಯ ಪ್ಲಗ್ಗಿನಿಂದ ಒಳಗೆ ಹೋದದ್ದಕ್ಕಿಂತ ನೂರಾರು ಪಟ್ಟು ಹೊರಗೆ ಬರುತ್ತದೆ. ಕರೆಂಟು ತಯಾರಿಸುವ ಕೆಪಿಸಿಯವರ ಕಿವಿಗೆ ಬಿದ್ದರೆ ಶರಾವತಿಗೆ ಬೀಗ ಹಾಕಿ ಹೋಮ್ ಥಿಯೇಟರ್ ಕೊಳ್ಳುತ್ತಾರೆ.)

ವಿಸರ್ಜನೆಯ ದಿನ ಎರಡೇ ಬಾಕ್ಸ್ ಬಂದವು, ಒಂದಕ್ಕೊಂದು ಒತ್ತಿಕೊಂಡು. ಹಾಗೆ ಒತ್ತಿ ನಿಲ್ಲಿಸಿದರೆ ಒಂದೇ ಬಾಕ್ಸಿಗಿಂತ ಬೇಸ್ 6 ಡೆಸಿಬಲ್ ಏರುತ್ತದೆ. ಮೇಲೆ ಕೂತವು ಹಾಡಿನ ಮಾತು ಕೇಳಿಸುವ 'ಟಾಪ್'ಗಳು, ಅವು ಬಾಕ್ಸ್ ಅಲ್ಲವಂತೆ. ಬೀದಿ ಕೊನೆಯ ನಿವೃತ್ತ ಮೇಷ್ಟ್ರು ಫೋನ್ ಮಾಡಿದರು. ಸಾಹೇಬರು ಮೀಟರ್ ಹಿಡಿದು ಬಂದರು.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ಅದನ್ನು ಅಳೆಯುವುದು ಡಿಬಿ-ಎ ಎಂಬ ಮಾಪಕದಲ್ಲಿ. ಮೆಲ್ಲಗಿನ ಬೇಸ್ ಮನುಷ್ಯನ ಕಿವಿಗೆ ಅಷ್ಟಾಗಿ ಕೇಳದೆಂದು ಈ ಮಾಪಕವೂ ಬೇಸಿಗೆ ಕಿವುಡಾಗುತ್ತದೆ; 50 ಹರ್ಟ್ಜಿನಲ್ಲಿ 30 ಡೆಸಿಬಲ್ ಮಾಫಿ! 100 ಡೆಸಿಬಲ್ ಗುದ್ದಿದರೆ ಮೀಟರಿನಲ್ಲಿ 70. ಎದೆಗೂಡಿಗೆ ಇಂಥ ಮಾಫಿ ಯೋಜನೆ ಇಲ್ಲ.

ಸೌಂಡ್ಸ್ ಅಣ್ಣನಿಗೆ ಇದೆಲ್ಲ ಕರಗತ. ಸಾಹೇಬರು ಹತ್ತಿರ ಬರುತ್ತಿದ್ದಂತೆ ಟಾಪ್‌ಗಳನ್ನು ಮ್ಯೂಟ್ ಮಾಡಿದ. ಹಾಡಿನ ಮಾತು ಮಾಯವಾಯಿತು, ಧಂ ಧಂ ಮಾತ್ರ ಉಳಿಯಿತು. ಮೀಟರಿನ ಅಂಕಿ ಗಡಗಡ ಇಳಿಯಿತು.

"ನೋಡಿ ಸಾರ್, ನೀವು ಹೇಳಿದ್ದಕ್ಕೆ ಕಮ್ಮಿ ಮಾಡಿದೆ."

"ಅಂಕಿ ಇಳಿದಿದೆಯಲ್ಲ ಮೇಷ್ಟ್ರೇ, ಇನ್ನೇನು ನಿಮ್ಮ ದೂರು?"

"ಕಿಟಕಿ ಗಾಜು ಅದುರ್ತಾ ಇದೆಯಲ್ಲ ಸ್ವಾಮಿ!"

ಸಾಹೇಬರು ಕಿಟಕಿಯನ್ನು ಮುಟ್ಟಿ ನೋಡಿದರು. ಅದುರುತ್ತಿತ್ತು.

"ಇದು ಶಬ್ದ ಅಲ್ಲ ಮೇಷ್ಟ್ರೇ, ಕಂಪನ. ನಮ್ಮ ಇಲಾಖೆಗೆ ಬರಲ್ಲ. ಗಣಿ ಮತ್ತು ಭೂವಿಜ್ಞಾನದವರಿಗೆ ಒಂದು ಅರ್ಜಿ ಕೊಡಿ."