ಶನಿವಾರ ಡಬ್ ಡಬ್, ಭಾನುವಾರ ಭರ್ರ್

ಇಂಗ್ಲೆಂಡ್ ಸದ್ದಿಲ್ಲದ ದೇಶ. ಇಲ್ಲಿ ರೈಲಿನಲ್ಲಿ ಕೂತವರು ಚಿಪ್ಸ್ ಪ್ಯಾಕೆಟ್ ಒಡೆಯುವುದಕ್ಕೂ ಅಕ್ಕಪಕ್ಕ ನೋಡುತ್ತಾರೆ. ನಮ್ಮನೆಯಲ್ಲಿ ಗಲಾಟೆ ಜಾಸ್ತಿಯಾದರೆ ಪಕ್ಕದವರು ಬಂದು ಬಾಗಿಲು ಬಡಿಯುವುದಿಲ್ಲ. ಚೀಟಿ ಬರೆದು ಹಾಕುತ್ತಾರೆ. ಅದರ ಕೊನೆಯಲ್ಲಿ ದುಂಡಗಿನ ಅಕ್ಷರದಲ್ಲಿ ಥ್ಯಾಂಕ್ಸ್ ಬೇರೆ. ಇಂಥ ದೇಶಕ್ಕೆ ಬಂದು ನಾನು ಹಚ್ಚಿಕೊಂಡಿರುವ ಹುಚ್ಚು ಎರಡು. ಒಂದು ಕಾರ್ ರೇಸು, ಇನ್ನೊಂದು ಬ್ಯಾಂಡು. ಎರಡಕ್ಕೂ ಸದ್ದೇ ಬಂಡವಾಳ.

ತಪ್ಪು ನನ್ನದಲ್ಲ, ಹುಟ್ಟಿದೂರಿನದು. ಶಿವಮೊಗ್ಗದಲ್ಲಿ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ಕೇಳಿ ಬೆಳೆದವನು ನಾನು. ನಮ್ಮ ಬೀದಿಯಲ್ಲಿ ಸೌಂಡು ಚೆನ್ನಾಗಿದೆ ಅಂದರೆ ಕಿಟಕಿ ಗಾಜು ಅದುರುತ್ತಿದೆ ಅಂತ ಅರ್ಥ. ರಾತ್ರಿ ಹತ್ತರ ಮೇಲೆ ಲೌಡ್ ಸ್ಪೀಕರ್ ಹಾಕಬಾರದು ಅಂತ 2000ದಲ್ಲೇ ನಿಯಮ ಬಂದಿದೆ. ಗಣಪತಿಗೆ ಯಾರೂ ಹೇಳಿರಲಿಲ್ಲ ಅಷ್ಟೆ.

ಈಗ ಇರುವುದು ಮಿಲ್ಟನ್ ಕೀನ್ಸ್‌ನಲ್ಲಿ. ಈ ಊರಲ್ಲಿ ರೌಂಡಬೌಟ್ ಎಷ್ಟಿವೆ ಅಂದರೆ, ಆಫೀಸು ಮುಟ್ಟುವಷ್ಟರಲ್ಲಿ ಹರಕೆ ಹೊತ್ತವರು ಹಾಕುವಷ್ಟು ಪ್ರದಕ್ಷಿಣೆ ಆಗಿರುತ್ತದೆ. ರೆಡ್ ಬುಲ್ ತಂಡದ ಫಾರ್ಮುಲಾ ಒನ್ ರೇಸು ಕಾರುಗಳು ತಯಾರಾಗುವುದು ಇದೇ ಊರಲ್ಲಿ. ಅರ್ಧ ಗಂಟೆ ಹೋದರೆ ಸಿಲ್ವರ್‌ಸ್ಟೋನ್ ರೇಸ್ ಟ್ರ್ಯಾಕು. ಅದು ಮೂಲದಲ್ಲಿ ರೇಸಿಗೆ ಅಂತ ಕಟ್ಟಿದ ಜಾಗವೇ ಅಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ, 1943ರಲ್ಲಿ, ವೆಲ್ಲಿಂಗ್ಟನ್ ಬಾಂಬರ್ ಹಾರಿಸುವವರಿಗೆ ತರಬೇತಿ ಕೊಡಲು ಮಾಡಿದ ಏರ್‌ಫೀಲ್ಡು. ಯುದ್ಧ ಮುಗಿಯಿತು, ರನ್‌ವೇ ಖಾಲಿ ಬಿತ್ತು. 1948ರಲ್ಲಿ ಒಣಹುಲ್ಲಿನ ಪೆಂಡಿ, ಎಣ್ಣೆ ಡ್ರಮ್ಮು ಇಟ್ಟು ದಾರಿ ಗುರುತು ಮಾಡಿ ಗ್ರ್ಯಾಂಡ್ ಪ್ರಿ ಎನ್ನುವ ದೊಡ್ಡ ಕಾರ್ ರೇಸು ನಡೆಸಿಯೇಬಿಟ್ಟರು. ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್‌ನ ಮೊಟ್ಟಮೊದಲ ರೇಸು ನಡೆದದ್ದೂ ಇಲ್ಲೇ, 1950ರ ಮೇ 13ರಂದು. ಆರನೇ ಜಾರ್ಜ್ ದೊರೆಯೇ ಬಂದು ಕೂತಿದ್ದರು. ಗೆದ್ದದ್ದು ಇಟಲಿಯ ಫರೀನಾ.

ದೊರೆ ಆವತ್ತು ಏನು ತಿಂದರೋ ಗೊತ್ತಿಲ್ಲ. ನಾನು ಮಾತ್ರ ಮನೆಯಿಂದ ಚಿತ್ರಾನ್ನ ಒಯ್ಯುತ್ತೇನೆ. ಅಲ್ಲಿ ಚಿಪ್ಸಿಗೆ ಕೊಡುವ ದುಡ್ಡಿನಲ್ಲಿ ನಮ್ಮನೆಯ ಒಂದು ವಾರದ ತರಕಾರಿ ಬರುತ್ತದೆ. ತೊಂದರೆ ಏನೆಂದರೆ, ವಿಮಾನಕ್ಕೆ ಅಂತ ಮಟ್ಟ ಮಾಡಿದ ಬಯಲು ಅದು. ಗಾಳಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಒಮ್ಮೆ ಗ್ರ್ಯಾಂಡ್ ಪ್ರಿಯ ಶುಕ್ರವಾರ ಬೆಕೆಟ್ಸ್ ತಿರುವಿನಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದೆ. ಗಾಳಿ ಬೀಸಿತು. ಕಡಲೆಬೀಜ ನನಗೆ ಉಳಿಯಿತು, ಅನ್ನ ಮುಂದಿನ ಸಾಲಿನವರ ಬಿಳಿ ಟೋಪಿಯ ಮೇಲೆ ಹೋಗಿ ಕೂತಿತು. ಅವರು ತಿರುಗಿ ನೋಡಿ, ‘ಸಾರಿ’ ಅಂದರು. ಇಲ್ಲಿ ತಲೆ ಮೇಲೆ ಅನ್ನ ಬಿದ್ದವರೇ ಸಾರಿ ಕೇಳುತ್ತಾರೆ! ಅರಿಶಿನದ ಕಲೆ ಜನ್ಮಕ್ಕೂ ಹೋಗಲ್ಲ ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ.

ರೇಸು ಕಣ್ಣಾರೆ ನೋಡುವುದು ಅಂದರೆ ಏನು ಅಂತ ಟಿವಿಯಲ್ಲಿ ನೋಡುವವರಿಗೆ ಗೊತ್ತಿಲ್ಲ. ಒಂದು ಸುತ್ತು 5.891 ಕಿಲೋಮೀಟರ್. ಒಂದೂವರೆ ನಿಮಿಷಕ್ಕೊಮ್ಮೆ ಕಾರುಗಳು ಬರುತ್ತವೆ, ಕತ್ತು ತಿರುಗಿಸುವಷ್ಟರಲ್ಲಿ ಹೋಗಿರುತ್ತವೆ. ಇದು 52 ಸಲ. ಯಾರು ಮುಂದೆ, ಯಾರು ಹಿಂದೆ ಅಂತ ತಿಳಿಯಬೇಕಾದರೆ 87.7 ಎಫ್ಎಂನಲ್ಲಿ ಬರುವ ಕಾಮೆಂಟರಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳಬೇಕು. ಸದ್ದು ತಡೆಯಲು ಕಿವಿಗೆ ಸ್ಪಂಜು ಕೂಡ ತುರುಕಿಕೊಳ್ಳಬೇಕು. ಎರಡೂ ಅದೇ ಕಿವಿಗೆ. ಮಳೆಯಲ್ಲಿ ನಿಂತು ವಿಡಿಯೊ ಕಾಲ್ ಮಾಡಿದಾಗ ಅಮ್ಮ ಕೇಳಿದ್ದು ಒಂದೇ ಮಾತು: “ಅಲ್ವೋ, ದುಡ್ಡು ಕೊಟ್ಟು ಕಾರು ನೋಡ್ತಾ ನಿಂತಿದೀಯಾ? ನಮ್ಮನೆ ಮುಂದೆ ಬೈಪಾಸಲ್ಲಿ ಪುಕ್ಕಟೆ ಓಡ್ತವಲ್ಲೋ.”

ಅಂದಹಾಗೆ, ಫಾರ್ಮುಲಾ ಒನ್ ಈಗ ಮೊದಲಿನಷ್ಟು ಸದ್ದು ಮಾಡುವುದಿಲ್ಲ. 2014ರಲ್ಲಿ 2.4 ಲೀಟರಿನ ವಿ8 ಎಂಜಿನ್ ಹೋಗಿ 1.6 ಲೀಟರಿನ ಹೈಬ್ರಿಡ್ ಟರ್ಬೊ ಬಂತು. ಸದ್ದು ಸಾಲದು ಅಂತ ಜನ ಗಲಾಟೆ ಎಬ್ಬಿಸಿದರು. ಮರ್ಸಿಡಿಸ್‌ನವರು ಬಾರ್ಸಿಲೋನಾದಲ್ಲಿ ಸೈಲೆನ್ಸರ್ ತುದಿಗೆ ದೊಡ್ಡ ತುತ್ತೂರಿ ಕೂರಿಸಿ ಓಡಿಸಿ ನೋಡಿದರು. ಉಪಯೋಗವಾಗಲಿಲ್ಲ. ಕೋಟಿಗಟ್ಟಲೆ ಸುರಿದು ಸದ್ದು ಮಾಡಲಾಗದೆ ಸೋತವರು ಅವರು. ಪುಡಿಗಾಸು ಸುರಿದು ಸದ್ದು ಅಡಗಿಸಲಾಗದೆ ಸೋತವನು ನಮ್ಮ ಡ್ರಮ್ಮರ್.

ನಮ್ಮ ಡ್ರಮ್ಮರ್ ಇಲ್ಲಿಯವನೇ. ಕಸುಬು ಪ್ಲಂಬಿಂಗ್. ಶನಿವಾರ ಡ್ರಮ್ ಬಾರಿಸುತ್ತಾನೆ, ಭಾನುವಾರ ಹಳೇ ಮಾಜ್ದಾದಲ್ಲಿ ಹವ್ಯಾಸಿಗಳ ರೇಸಿಗೆ ಇಳಿಯುತ್ತಾನೆ. ಎರಡಕ್ಕೂ ಒಂದೇ ವ್ಯಾನು. ಹಾಗಾಗಿ ಡ್ರಮ್ಮಿಗೆ ಪೆಟ್ರೋಲ್ ವಾಸನೆ. ಕೀಬೋರ್ಡ್ ಸ್ಟ್ಯಾಂಡು ಅಲ್ಲಾಡಿದರೆ ಅದರ ಕಾಲಿಗೆ ಸ್ಟೆಪ್ನಿ ಒತ್ತು. ಈ ಹವ್ಯಾಸಿ ರೇಸುಗಳು ಇಲ್ಲಿ ಬಹಳ ಹಳೆಯವು. 750 ಮೋಟಾರ್ ಕ್ಲಬ್ ಅಂತ ಒಂದಿದೆ, ಶುರುವಾದದ್ದು 1939ರಲ್ಲಿ. ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಕೂಡ ಇದರ ರೇಸುಗಳಲ್ಲೇ ಕೈ ಪಳಗಿಸಿಕೊಂಡವರು. ಗ್ರ್ಯಾಂಡ್ ಪ್ರಿಗೆ ನೂರಾರು ಪೌಂಡ್ ಬೇಕು, ನಾಲ್ಕು ದಿನ ಸೇರಿ ಸುಮಾರು ಐದು ಲಕ್ಷ ಜನ. ಕ್ಲಬ್ ರೇಸಿಗೆ ಪುಟ್ಟ ಟಿಕೆಟ್ಟು, ನೋಡುವವರಲ್ಲಿ ಅರ್ಧ ಓಡಿಸುವವರ ನೆಂಟರು. ಕಾರಿನ ಹತ್ತಿರವೇ ಹೋಗಿ ನಿಲ್ಲಬಹುದು. ಜಾಕ್ ಹಿಡಿ ಅಂದರೆ ಹಿಡಿಯಲೂಬಹುದು. ನನ್ನ ಕೇಳಿದರೆ ಮಜಾ ಇರುವುದು ಇಲ್ಲೇ.

ಆದರೆ ರೇಸಿಗೆ ಮುಂಚೆ ಸದ್ದಿನ ಪರೀಕ್ಷೆ ಇರುತ್ತದೆ. ಸೈಲೆನ್ಸರ್ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಾಗಿ ಮೀಟರ್ ಹಿಡಿದು, ಎಂಜಿನ್ನನ್ನು ಮುಕ್ಕಾಲು ವೇಗಕ್ಕೆ ಏರಿಸುತ್ತಾರೆ. ಆವತ್ತಿನ ಮಿತಿ 105 ಡೆಸಿಬೆಲ್. ನಮ್ಮವನದು 108 ತೋರಿಸಿತು. “ಬರೀ ಮೂರು ತಾನೇ” ಅಂದ. ಮೂರು ಡೆಸಿಬೆಲ್ ಏರಿತು ಅಂದರೆ ಸದ್ದಿನ ಶಕ್ತಿ ಎರಡು ಪಟ್ಟು ಅಂತ ಲೆಕ್ಕ. ಮೀಟರ್ ಹಿಡಿದ ತಾತ ಅದನ್ನು ಸಮಾಧಾನದಿಂದ ವಿವರಿಸಿ, ಸಮಾಧಾನದಿಂದಲೇ ಆಚೆ ಕಳಿಸಿದರು.

ಇಷ್ಟು ಬಿಗಿ ಯಾಕೆ ಅಂತೀರಾ? ಸಫೋಕ್‌ನ ಮಿಲ್ಡನ್‌ಹಾಲ್ ಹತ್ತಿರ ಒಂದು ಸ್ಪೀಡ್‌ವೇ ಸ್ಟೇಡಿಯಂ ಇದೆ. ಎಪ್ಪತ್ತರ ದಶಕದಿಂದ ಅಲ್ಲಿ ಮೋಟಾರು ರೇಸು. 2006ರಲ್ಲಿ ಒಂದು ಜೋಡಿ ಹತ್ತಿರದಲ್ಲೇ ಮನೆ ಕೊಂಡು, ಆಮೇಲೆ ಸದ್ದು ಜಾಸ್ತಿ ಅಂತ ಕೇಸು ಹಾಕಿತು. ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸದ್ದು ಮೊದಲೇ ಇತ್ತು, ಪಕ್ಕಕ್ಕೆ ಬಂದವರು ನೀವು ತಾನೇ ಎನ್ನುವ ವಾದ ನಡೆಯುವುದಿಲ್ಲ ಅಂತ 2014ರಲ್ಲಿ ತೀರ್ಪು ಬಂತು. ಆಮೇಲೆ ರೇಸ್ ಟ್ರ್ಯಾಕಿನವರು ಮೀಟರನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದರೂ ಆಶ್ಚರ್ಯವಿಲ್ಲ.

ಸರಿ, ಮುಂದಿನ ವಾರ ಡ್ರಮ್ಮರ್ ನಮ್ಮನೆಗೆ ಚಹಾಕ್ಕೆ ಬಂದ. ಸಿಂಕಿನ ಪೈಪು ಸೋರುತ್ತಿತ್ತು, ಅದನ್ನೂ ನೋಡಿದ. ಸಿಂಕಿನ ಕೆಳಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರಿನ ಪ್ಯಾಕೆಟ್ ಕಂಡಿತು. ಅವನ ಕಣ್ಣು ಅರಳಿತು. ಪೈಪು ರಿಪೇರಿಗೆ ದುಡ್ಡು ಬೇಡ ಅಂದ. ಪುಣ್ಯಾತ್ಮ ಎಂಥ ಒಳ್ಳೆಯವನು ಅಂತ ನಮ್ಮವಳು ಕೋಡುಬಳೆಯನ್ನೂ ಕಟ್ಟಿಕೊಟ್ಟಳು.

ಭಾನುವಾರ ಮೀಟರು 104 ತೋರಿಸಿತು. ರೇಸಿನ ಮೂರನೇ ಸುತ್ತಿಗೆ ಮಾಜ್ದಾದ ಹಿಂದೆ ಕಿಡಿ ಹಾರತೊಡಗಿತು. ನೆಂಟರೆಲ್ಲ ಚಪ್ಪಾಳೆ ಹೊಡೆದರು. ಆಮೇಲೆ ಕಿಡಿಯ ಜೊತೆ ಏನೋ ಗುಂಗುರು ಗುಂಗುರಾಗಿ ಹೊರಗೆ ಬಂತು, ಬಂದು ಅಲ್ಲೇ ನೇತಾಡಿತು. ಮಾರ್ಷಲ್‌ಗಳು ಕಪ್ಪು ಬಾವುಟ ತೋರಿಸಿದರು. ನಡುವೆ ಕಿತ್ತಳೆ ಬೊಟ್ಟು ಇರುವ ಬಾವುಟ ಅದು. ಗಾಡಿ ಕೆಟ್ಟಿದೆ, ಒಳಗೆ ಬಾ ಅಂತ ಅರ್ಥ. ಆರೆಂಜ್ ಅಂಗಿಯ ಮಾರ್ಷಲ್ ಒಬ್ಬರು ಕೈಗವಸು ಹಾಕಿಕೊಂಡು, ಸುಟ್ಟು ನೀಲಿಯಾದ ನಾರನ್ನು ಎತ್ತಿ ಹಿಡಿದು, ಇದು ಎಂಜಿನ್ನಿನ ಯಾವ ಭಾಗ ಅಂತ ಬಹಳ ಹೊತ್ತು ನೋಡಿದರು. ನಾನು ತೆಗೆದ ವಿಡಿಯೊವನ್ನು ಮನೆಯಲ್ಲಿ ಹಾಕಿದೆ. ನಮ್ಮವಳು ಒಂದೇ ನೋಟಕ್ಕೆ ಗುರುತು ಹಿಡಿದಳು. “ರೀ, ಅದು ನಮ್ಮ ನಾರಲ್ವಾ?”

ಬ್ಯಾಂಡಿನ ಕಡೆ ಬರೋಣ. ನಾನು ಬೇಸ್ ಗಿಟಾರು, ಕೀಬೋರ್ಡಿಗೆ ನಿವೃತ್ತ ಟೀಚರಮ್ಮ, ಹಾಡಲು ಹುಬ್ಬಳ್ಳಿಯ ಡಾಕ್ಟರು. ಪಬ್ಬಿನಲ್ಲಿ ನುಡಿಸಿದರೆ ಜನ ನಮ್ಮ ತಲೆಯ ಮೇಲಿನ ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಾರೆ. ಗೋಲ್ ಆದಾಗ ನಮಗೂ ಚಪ್ಪಾಳೆ ಬಿದ್ದಂತೆ ಆಗುತ್ತದೆ. ನಿಜವಾದ ಕಛೇರಿ ಅಂದರೆ ಕನ್ನಡ ಸಂಘದ ರಾಜ್ಯೋತ್ಸವ. ಅದಕ್ಕೆ ಆ ವರ್ಷ ಹತ್ತಿರದ ಒಂದು ಹಳ್ಳಿಯ ಹಾಲ್ ಬಾಡಿಗೆಗೆ ಹಿಡಿದಿದ್ದರು. ಹಾಲ್ ಚೆನ್ನಾಗಿತ್ತು. ಮರದ ನೆಲ, ಗಟ್ಟಿ ಸ್ಟೇಜು. ಗೋಡೆಯ ಮೇಲೆ ಒಂದು ಬಿಳಿ ಪೆಟ್ಟಿಗೆ, ಅದರಲ್ಲಿ ಹಸಿರು, ಹಳದಿ, ಕೆಂಪು ದೀಪ.

ಅದನ್ನು ನೋಡುತ್ತಲೇ ಡ್ರಮ್ಮರ್ ಮುಖ ಬಾಡಿತು. ನಾವೆಲ್ಲ ಫೈರ್ ಅಲಾರಂ ಅಂದುಕೊಂಡಿದ್ದೆವು. ಅದು ಸೌಂಡ್ ಲಿಮಿಟರ್. ಒಳಗೆ ಮೈಕ್ ಇರುತ್ತದೆ, ಹಾಲಿನ ಸದ್ದನ್ನು ಅಳೆಯುತ್ತಲೇ ಇರುತ್ತದೆ. ಕೆಂಪು ದೀಪ ಕೆಲವು ಸೆಕೆಂಡ್ ಹಾಗೇ ನಿಂತರೆ ಸ್ಟೇಜಿನ ಪ್ಲಗ್ಗುಗಳಿಗೆಲ್ಲ ಕರೆಂಟ್ ಕಟ್. ಸದ್ದು ಆಚೆ ಹೋಗಬಾರದು ಅಂತ ಬಾಗಿಲಿಗೂ ಒಂದು ಸ್ವಿಚ್ ಜೋಡಿಸಿದ್ದರು. ಹಿಂದಿನ ಬಾಗಿಲು ತೆರೆದರೂ ಕರೆಂಟ್ ಕಟ್.

ಡ್ರಮ್ಮರ್ ಬೇಸ್ ಡ್ರಮ್ಮಿನೊಳಗೆ ದಿಂಬು ತುರುಕಿದ. ಉಳಿದ ಡ್ರಮ್ಮುಗಳ ಮೇಲೆ ಅಡುಗೆಮನೆಯ ಟವೆಲ್ ಹಾಸಿದ. ಬಾರಿಸಿದರೆ ಯಾರೋ ಮಹಡಿಯ ಮೇಲೆ ಚಪ್ಪಲಿ ಇಲ್ಲದೆ ಓಡಾಡಿದಷ್ಟೇ ಸದ್ದು.

ಮೊದಲು ನಾಡಗೀತೆ. ಎಲ್ಲರೂ ಎದ್ದು ನಿಂತು ಒಕ್ಕೊರಲಿನಿಂದ ಹಾಡಿದರು. ಹಳದಿ ಹತ್ತಿತು, ಕೆಂಪು ಹತ್ತಿತು, ಮೈಕ್ ಸತ್ತಿತು. ಜನ ನಿಲ್ಲಿಸಲಿಲ್ಲ. ಕಾರ್ಯದರ್ಶಿ ಓಡಿಹೋಗಿ ರೀಸೆಟ್ ಒತ್ತಿದರು. ಆಮೇಲೆ ಅಧ್ಯಕ್ಷರ ಭಾಷಣ. ಇಡೀ ಭಾಷಣಕ್ಕೆ ಪೆಟ್ಟಿಗೆ ಹಸಿರು ಬಿಟ್ಟು ಕದಲಲಿಲ್ಲ. ಎಲ್ಲರೂ ಆಸೆಯಿಂದ ಅದನ್ನೇ ನೋಡುತ್ತಿದ್ದರು. ಎಂಥ ಅನ್ಯಾಯ!

ನಮ್ಮ ಸರದಿ ಬಂತು. ಡಾಕ್ಟರು ರಾಜ್‌ಕುಮಾರ್ ಹಾಡು ಎತ್ತಿಕೊಂಡರು. ಪಲ್ಲವಿ ಮುಗಿಯಿತು, ಒಂದು ಹುಡುಗ ಹಿಂದಿನ ಬಾಗಿಲು ತೆರೆದ, ಠಪ್! “ಹಿಂಗ್ಯಾಕ ಆತು?” ಅಂತ ಡಾಕ್ಟರು ಮೈಕಿಗೇ ಕೇಳಿದರು. ಅದೂ ಸತ್ತಿತ್ತು. ಬಾಗಿಲು ಹಾಕಿಸಿ ಮತ್ತೆ ಶುರು ಮಾಡಿದೆವು. ಈ ಸಲ ಹಾಡು ಮುಗಿಯಿತು, ಆದರೆ ಚಪ್ಪಾಳೆ ಜೋರಾಗಿ ಬಿತ್ತು. ಠಪ್! ನಿರೂಪಕಿ ಎದ್ದು ನಿಂತು, “ದಯವಿಟ್ಟು ಮೆಲ್ಲಗೆ ಚಪ್ಪಾಳೆ ತಟ್ಟಿ” ಅಂತ ಕೇಳಿಕೊಂಡರು. ಅಷ್ಟರಲ್ಲಿ ಬಾಗಿಲು ತೆರೆದರೆ ದೊಡ್ಡವರೆಲ್ಲ ಕಿರುಚುತ್ತಾರೆ ಎನ್ನುವುದನ್ನು ಮಕ್ಕಳು ಕಂಡುಕೊಂಡಿದ್ದವು. ಅದಕ್ಕಿಂತ ಒಳ್ಳೆಯ ಆಟ ಆ ಹಾಲಿನಲ್ಲಿ ಇನ್ನೊಂದಿರಲಿಲ್ಲ.

ಕೊನೆಗೆ ಡೊಳ್ಳು ಕುಣಿತ. ಸಂಘದವರು ಊರಿಂದ ಡೊಳ್ಳು ತರಿಸಿ ಕಲಿತಿದ್ದರು. ಸಾಫ್ಟ್‌ವೇರಿನವರು, ನರ್ಸುಗಳು, ಒಬ್ಬರು ಹಲ್ಲಿನ ಡಾಕ್ಟರು. ಡೊಳ್ಳಿನ ಜೊತೆ ಬ್ಯಾಂಡೂ ಸೇರಿ ಫ್ಯೂಷನ್ ಅಂತ ಏರ್ಪಾಡು. ಮೊದಲ ಪೆಟ್ಟು ಬಿತ್ತು. ಪೆಟ್ಟಿಗೆ ಹಸಿರು, ಹಳದಿ ಏನೂ ನೋಡಲಿಲ್ಲ. ನೇರ ಕೆಂಪು. ನನ್ನ ಆಂಪ್ಲಿಫೈಯರ್ ಹೋಯಿತು, ಕೀಬೋರ್ಡ್ ಹೋಯಿತು, ಮೈಕ್ ಹೋಯಿತು. ಕರೆಂಟಿಲ್ಲದ ಬೇಸ್ ಗಿಟಾರು ಪಕ್ಕದಲ್ಲಿ ನಿಂತವರಿಗೂ ಕೇಳುವುದಿಲ್ಲ. ಬೆರಳಾಡುವುದು ಕಾಣುತ್ತದೆ ಅಷ್ಟೆ.

ಡೊಳ್ಳು ನಿಲ್ಲಲಿಲ್ಲ. ಯಾಕೆ ನಿಲ್ಲಬೇಕು? ಪೆಟ್ಟಿಗೆಯ ಕೈಲಿದ್ದದ್ದು ಪ್ಲಗ್ಗುಗಳು ಮಾತ್ರ. ಡೊಳ್ಳಿಗೆ ಪ್ಲಗ್ಗೆಲ್ಲಿದೆ? ಕೆಂಪು ದೀಪ ಉರಿಯುತ್ತಲೇ ಇತ್ತು, ಡೊಳ್ಳು ಬಾರಿಸುತ್ತಲೇ ಇದ್ದರು. ನಮ್ಮ ಡ್ರಮ್ಮರ್ ಒಂದು ನಿಮಿಷ ಪೆಟ್ಟಿಗೆ ನೋಡಿದ, ಡೊಳ್ಳು ನೋಡಿದ. ವಿಷಯ ಹೊಳೆಯಿತು. ಟವೆಲ್‌ಗಳನ್ನು ಎತ್ತಿ ಎಸೆದ, ದಿಂಬು ಕಿತ್ತು ಹಾಕಿದ, ಅವರ ಲಯ ಹಿಡಿದು ಶುರುಮಾಡಿದ. ನಾನು, ಟೀಚರಮ್ಮ, ಡಾಕ್ಟರು ಸ್ಟೇಜಿನ ಮೇಲೆ ಸುಮ್ನೆ ಕೈಕಟ್ಟಿ ನಿಂತೆವು. ಹಾಲ್ ನೋಡಿಕೊಳ್ಳುವ ಅಜ್ಜ ಸದ್ದು ಕೇಳಿ ಓಡಿಬಂದರು. ಪೆಟ್ಟಿಗೆಯನ್ನು ನೋಡಿದರು, ಸತ್ತ ಪ್ಲಗ್ಗುಗಳನ್ನು ನೋಡಿದರು. ಮಷೀನ್ ಸರಿಯಾಗಿಯೇ ಕೆಲಸ ಮಾಡ್ತಿದೆಯಲ್ಲ ಅಂತ ಹೇಳಿ ಹೋಗಿಬಿಟ್ಟರು.

ಅಡುಗೆಮನೆಯಲ್ಲಿ ಪ್ಲಗ್ಗು ಸಾಲದೆ, ಊಟ ಬಿಸಿ ಇಡುವ ಟ್ರೇಗಳಿಗೆ ಸ್ಟೇಜಿನಿಂದಲೇ ವೈರು ಎಳೆದಿದ್ದರು ಅಂತ ಆಮೇಲೆ ಗೊತ್ತಾಯಿತು. ಬಿಸಿಬೇಳೆಬಾತಿನಲ್ಲಿ ಬೇಳೆಬಾತ್ ಮಾತ್ರ ಉಳಿದಿತ್ತು.

ಮುಂದಿನ ರಾಜ್ಯೋತ್ಸವದ ಕೆಲಸಗಳ ಪಟ್ಟಿ ಈಗ ವಾಟ್ಸಾಪಿಗೆ ಬಂದಿದೆ. ಡೊಳ್ಳಿಗೆ ಮುಕ್ಕಾಲು ಗಂಟೆ ಕೊಟ್ಟಿದ್ದಾರೆ. ಬ್ಯಾಂಡಿನವರೆಲ್ಲ ಊಟ ಬಡಿಸುವ ಕಡೆ. ನನಗೆ ಸಾರಿನ ಬಕೆಟ್, ಡಾಕ್ಟರಿಗೆ ಪಲ್ಯ, ಟೀಚರಮ್ಮನಿಗೆ ಬಾಗಿಲು ಕಾಯುವ ಕೆಲಸ. ಡ್ರಮ್ಮರಿಗೆ ಡೊಳ್ಳೂ ಇದೆ, ಹಪ್ಪಳವೂ ಇದೆ. ಹಪ್ಪಳ ಅಂದರೆ ಏನು ಅಂತ ಫೋನ್ ಮಾಡಿ ಕೇಳಿದ. ತಿಂದರೆ ಸದ್ದು ಮಾಡುತ್ತದೆ ಅಂದೆ. ಎಷ್ಟು ಡೆಸಿಬೆಲ್ ಅಂತ ಕೇಳುತ್ತಿದ್ದಾನೆ.