ಫ್ಲೆಕ್ಸಿನ ಕೆಳಗೆ ಫ್ಲೆಕ್ಸು

ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮ ಶೆಟ್ಟರದ್ದೊಂದು ಬಟ್ಟೆ ಅಂಗಡಿ ಇದೆ. ಹತ್ತಡಿ ಅಗಲದ ಅಂಗಡಿ. ಅದರ ಮುಂದೆ ಕಟ್ಟಿರುವ ಫ್ಲೆಕ್ಸು ಹದಿನಾರಡಿ. ಡಿಸೆಂಬರ್ ಒಂದನೇ ತಾರೀಕು ಬೆಳಿಗ್ಗೆ ಹಾಲು ತರಲು ಹೋದವನಿಗೆ ಅದರ ಮೇಲೆ 'ಕ್ರಿಸ್‌ಮಸ್ ಧಮಾಕಾ, 70% ವರೆಗೆ ರಿಯಾಯಿತಿ' ಎಂದು ಕಂಡಿತು. 70 ಆಳೆತ್ತರ ಇತ್ತು. 'ವರೆಗೆ' ಇರುವೆಯಷ್ಟು. ಅದನ್ನು ಓದಲು ನಾನು ಚರಂಡಿ ದಾಟಿ, ಕನ್ನಡಕ ಒರೆಸಿಕೊಂಡು ಹತ್ತಿರ ಹೋಗಬೇಕಾಯಿತು.

ಹತ್ತಿರ ಹೋದರೆ ಇನ್ನೊಂದು ವಿಷಯ ಗೊತ್ತಾಯಿತು. 'ಕ್ರಿಸ್‌ಮಸ್' ಎನ್ನುವುದು ಬೇರೆ ತುಂಡು, ಮೇಲೆ ಅಂಟಿಸಿದ್ದು. ಒಂದು ಮೂಲೆ ಎದ್ದಿತ್ತು. ಕೈ ಸುಮ್ನಿರಲಿಲ್ಲ, ಸ್ವಲ್ಪ ಎಳೆದೆ. ಒಳಗೆ 'ದೀಪಾವಳಿ'. ಅದರ ಮೂಲೆ ಎತ್ತಿದರೆ 'ದಸರಾ'. ಅದರಡಿ 'ಆಷಾಢ'. ಬೇರೆ ಊರಿನವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರೇನೋ. ಆದರೆ ಇದು ಕೆಜಿಎಫ್. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರ್ ಆಳಕ್ಕೆ ಇಳಿದು ಚಿನ್ನ ಕೆದಕಿದ ಊರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರೂ ಕೆದಕುವ ಚಟ ಹೋಗಿಲ್ಲ.

ಹಾಗಾಗಿ ಒಳಗೆ ಹೋಗಿ ಒಂದು ಫ್ರಾಕಿನ ಬೆಲೆ ಚೀಟಿಯನ್ನೂ ಕೆದಕಿದೆ. ಕೆಂಪು ಫ್ರಾಕು, ಕುತ್ತಿಗೆ ಸುತ್ತ ಬಿಳಿ ಲೇಸು. ಚೀಟಿಯಲ್ಲಿ 1,499 ಎಂದು ಬರೆದು, ಅದನ್ನು ಹೊಡೆದು ಹಾಕಿ, ಕೆಳಗೆ 899. '40% ಉಳಿತಾಯ!' ಅಂತ ಆಶ್ಚರ್ಯಸೂಚಕ ಬೇರೆ. ಉಗುರಿನಲ್ಲಿ ಆ ಚೀಟಿ ಕಿತ್ತರೆ ಅದರಡಿ ಹಳೇ ಚೀಟಿ, 650. ಅಂದರೆ 40% ಉಳಿಸಿದ ಮೇಲೂ ಗಿರಾಕಿ 249 ರೂಪಾಯಿ ಜಾಸ್ತಿ ಕೊಡಬೇಕು. ಇಂಥ ಉಳಿತಾಯ ಬ್ಯಾಂಕಿನವರಿಗೂ ಹೊಳೆದಿಲ್ಲ.

"ಶೆಟ್ರೇ, ಎಂಆರ್‌ಪಿಗೆ ಕಾನೂನಿದೆ. 2011ರ ನಿಯಮದ ಪ್ರಕಾರ ಬೆಲೆ ಇಳಿಸೋಕೆ ಸ್ಟಿಕ್ಕರ್ ಅಂಟಿಸಬಹುದು, ಆದರೆ ಹಳೇ ಬೆಲೆ ಮುಚ್ಚೋ ಹಾಗಿಲ್ಲ" ಎಂದೆ.

"ಅದು ಪ್ಯಾಕೆಟ್ ಮಾಲಿಗೆ ಮೇಷ್ಟ್ರೇ. ಇದು ಹ್ಯಾಂಗರ್‌ನಲ್ಲಿ ನೇತಾಡ್ತಿದೆ" ಎಂದರು ಶೆಟ್ಟರು. ಆಮೇಲೆ ತಾವೇ ನಾಚಿಕೊಂಡು ಸ್ಟೂಲು ಎಳೆದು ಕೂರಿಸಿದರು. ಟೀ ತರಿಸಿದರು. ಬಿಲ್ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದರು.

ಫ್ರಾಕು ಅವರಿಗೆ ಬಿದ್ದಿದ್ದು 520ಕ್ಕೆ. 650ಕ್ಕೆ ಮಾರಿದರೆ 130 ಸಿಗುತ್ತದೆ. ನಿಜವಾಗಿ ಹತ್ತು ಪರ್ಸೆಂಟ್ ಇಳಿಸಿದರೆ 65 ಹೋಯಿತು. ಅಂದರೆ ಬೆಲೆ ಇಳಿದಿದ್ದು ಹತ್ತು ಪರ್ಸೆಂಟ್, ಲಾಭ ಇಳಿದಿದ್ದು ಅರ್ಧ. ಅಷ್ಟೇ ದುಡ್ಡು ನೋಡಬೇಕಾದರೆ ಫ್ರಾಕು ಎರಡರಷ್ಟು ಹೋಗಬೇಕು. ಇಪ್ಪತ್ತು ಪರ್ಸೆಂಟ್ ಇಳಿಸಿದರೆ ಅಸಲು ಮಾತ್ರ. ಬಾಡಿಗೆ, ಕರೆಂಟು, ಹುಡುಗನ ಸಂಬಳ ಎಲ್ಲ ಕೈಯಿಂದ.

"ಎರಡರಷ್ಟು ಫ್ರಾಕು ಹೋಗಬೇಕಾದ್ರೆ ಊರಲ್ಲಿ ಎರಡರಷ್ಟು ಮಕ್ಕಳಿರಬೇಕು. ಇಲ್ಲ ಕ್ರಿಸ್‌ಮಸ್ಸೇ ಎರಡು ಸಲ ಬರಬೇಕು. ಅದಕ್ಕೇ 1,499 ಅಂತ ಬರೆದೆ. ಸುಳ್ಳು ಬರೆದಿಲ್ಲ ಮೇಷ್ಟ್ರೇ, ಜನ ಓದೋಕೆ ಇಷ್ಟಪಡೋದನ್ನ ಬರೆದೆ."

ನಾನೇನೋ ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಆಂಡರ್ಸನ್‌ಪೇಟೆ ಕಡೆಯ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ಒಳಗೆ ಬಂದರು. ಅದೇ ಕೆಂಪು ಫ್ರಾಕು ಹಿಡಿದರು. ಲೇಸನ್ನು ಎಳೆದು ನೋಡಿದರು. ಹೊಲಿಗೆಯನ್ನು ಬೆಳಕಿಗೆ ಹಿಡಿದರು.

"ಎಷ್ಟಪ್ಪಾ?"

"899 ಅಮ್ಮಾ. ಡಿಸ್ಕೌಂಟ್ ಹೋಗಿ."

"ಡಿಸ್ಕೌಂಟು ನೀನು ಕೊಟ್ಟಿದ್ದು. ನಾನು ಕೇಳೋದು ಇನ್ನೂ ಇದೆಯಲ್ಲ."

ಆ ವಾಕ್ಯವನ್ನು ವಾಣಿಜ್ಯದ ಪುಸ್ತಕಗಳಲ್ಲಿ ಮೊದಲ ಪುಟಕ್ಕೇ ಹಾಕಬೇಕು. ಅಜ್ಜಿ ನಾನೂರಕ್ಕೆ ಶುರು ಮಾಡಿದರು. ಶೆಟ್ಟರು ಎದೆ ಹಿಡಿದುಕೊಂಡರು. ಮಗ ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ, ಅಲ್ಲಿ ಇದೇ ಫ್ರಾಕು ರಸ್ತೆ ಬದಿ ಸಿಗುತ್ತದೆ ಎಂದರು ಅಜ್ಜಿ. ಹಾಗಾದರೆ ರೈಲು ಚಾರ್ಜು ಸೇರಿಸಿ ಎಂದರು ಶೆಟ್ಟರು. 2025ರ ಸೆಪ್ಟೆಂಬರ್ 22ರಿಂದ ಟ್ಯಾಕ್ಸು ಇಳಿದಿದೆಯಂತೆ, ನೀನು ಮಾತ್ರ ಇಳಿಸಿಲ್ಲ ಎಂದು ಅಜ್ಜಿ ಜಿಎಸ್‌ಟಿಗೇ ಕೈ ಹಾಕಿದರು. ಸಾವಿರದ ಒಳಗಿನ ಬಟ್ಟೆಗೆ ಮೊದಲೂ ಐದು ಪರ್ಸೆಂಟು, ಈಗಲೂ ಐದೇ, ಇಳಿದಿದ್ದು ಸಾವಿರದಿಂದ ಎರಡೂವರೆ ಸಾವಿರದ ತನಕದ್ದಕ್ಕೆ ಎಂದು ಶೆಟ್ಟರು ಬಿಡಿಸಿ ಹೇಳಿದರು. "ಮತ್ತೆ 1,499 ಅಂತ ಬರೆದಿದ್ದೀಯಲ್ಲ, ಅದು ಸಾವಿರದ ಮೇಲಲ್ವಾ?" ಎಂದರು ಅಜ್ಜಿ. ಶೆಟ್ಟರು ನನ್ನ ಕಡೆ ನೋಡಿದರು. ನಾನು ಟೀ ಲೋಟದೊಳಗೆ ನೋಡಿದೆ.

ಮುಕ್ಕಾಲು ಗಂಟೆ ಆದ ಮೇಲೆ ವ್ಯಾಪಾರ ಕುದುರಿತು. ಎಷ್ಟಕ್ಕೆ ಅಂತೀರಿ? 650.

ಒಂದು ಫ್ಲೆಕ್ಸು, ನಾಲ್ಕು ಪದರ, ಎರಡು ಚೀಟಿ, ಎರಡು ಟೀ, ಒಂದು ಜಗಳ. ಇಷ್ಟೆಲ್ಲ ಸುತ್ತಿ ಬಂದು ಬೆಲೆ ಹೊರಟಲ್ಲಿಗೇ ಬಂದು ನಿಂತಿತು. ಅಜ್ಜಿ ಮಾತ್ರ 849 ರೂಪಾಯಿ ಉಳಿಸಿದ ಖುಷಿಯಲ್ಲಿ ಹೋದರು. ದಾರಿಯಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಇರುತ್ತಾರೆ.

ಈ ಆಫರ್ ಪೈಪೋಟಿ ತಪ್ಪಿಸಬೇಕು ಎಂದು ನವೆಂಬರ್‌ನಲ್ಲಿ ಬೀದಿಯ ಅಂಗಡಿಯವರೆಲ್ಲ ಸೇರಿ ಮೀಟಿಂಗ್ ಮಾಡಿದ್ದರಂತೆ. ಬೋಂಡ, ಕಾಫಿ ಆಯಿತು. ಡಿಸೆಂಬರ್ 25ರ ತನಕ ಯಾರೂ ಬೆಲೆ ಇಳಿಸಬಾರದು ಎಂದು ತೀರ್ಮಾನವಾಯಿತು. ಎಲ್ಲರೂ ಕೈ ಎತ್ತಿದರು. ಮಾರನೇ ದಿನ ಬೆಳಿಗ್ಗೆ ಎದುರಿನ ಅಂಗಡಿ ಮುಂದೆ ಬೋರ್ಡು: 'ಇದು ಡಿಸ್ಕೌಂಟ್ ಅಲ್ಲ, ಪ್ರೀತಿಯ ಕಾಣಿಕೆ.' ಪಕ್ಕದವರು ಸ್ವೆಟರ್ ಕೊಂಡರೆ ಸಾಂತಾ ಟೋಪಿ ಫ್ರೀ ಎಂದರು. ಅದರ ಪಕ್ಕದವರು ಟೋಪಿ ಕೊಂಡರೂ ಟೋಪಿ ಫ್ರೀ ಎಂದರು. ಟೋಪಿ ಹಾಕೋದು ಅಂದರೆ ಏನು ಅಂತ ನಮ್ಮ ಭಾಷೆಗೆ ಮೊದಲೇ ಗೊತ್ತಿತ್ತು ನೋಡಿ.

ಇದೆಲ್ಲ ನಡೆಯುತ್ತಿರುವಾಗ ಅಂಗಡಿ ಮೆಟ್ಟಿಲ ಪಕ್ಕ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ಅಕ್ಕನ ವ್ಯಾಪಾರ ಬೇರೆಯೇ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅವರು ಸೇವಂತಿಗೆ ಮಾರಿನ ಬೆಲೆ ಎರಡರಷ್ಟು ಮಾಡುತ್ತಾರೆ. 'ಧಮಾಕಾ' ಎಂದು ಬರೆಯುವುದಿಲ್ಲ. ಯಾರಾದರೂ ಗೊಣಗಿದರೆ "ಹಬ್ಬ ಅಲ್ವೇನಣ್ಣ" ಎನ್ನುತ್ತಾರೆ, ಅಷ್ಟೇ. ಗೊಣಗಿದವರೇ ಎರಡು ಮಾರು ಕೊಳ್ಳುತ್ತಾರೆ. ಗಣೇಶನ ಹಬ್ಬದಲ್ಲೂ ಅಷ್ಟೇ, ಬೆಳಿಗ್ಗೆ ಗಣಪ ಬಿಗಿ, ಸಂಜೆ ಮಿಕ್ಕವನು ಅಗ್ಗ. ಕೋಲಾರದ ಎಪಿಎಂಸಿಯಲ್ಲಿ 2023ರ ಜುಲೈನಲ್ಲಿ ಹದಿನೈದು ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿದಾಗ ಯಾವ ರೈತನೂ 'ಆಷಾಢ ಆಫರ್' ಅನ್ನಲಿಲ್ಲ. ಜನ ಕೇಳುವಾಗ ಏರಿಸು, ಕೇಳದಾಗ ಇಳಿಸು. ಟೊಮೆಟೊಗೂ ಗೊತ್ತಿರುವ ವಿಷಯ.

ಹೂವಿನ ಅಕ್ಕ ಒಂದು ದಿನ ಶೆಟ್ಟರನ್ನೇ ಕೇಳಿಬಿಟ್ಟರು. "ಅಣ್ಣ, ಹಬ್ಬಕ್ಕೆ ಮಕ್ಕಳಿಗೆ ಬಟ್ಟೆ ತಗೊಳ್ಳದೆ ಯಾರೂ ಬಿಡಲ್ಲ. ಹೆಂಗೂ ಬರೋರಿಗೆ ಯಾಕೆ ಇಳಿಸ್ತೀರ?" ಶೆಟ್ಟರು ಎದುರಿನ ಅಂಗಡಿ ಕಡೆ ಬೆರಳು ತೋರಿಸಿದರು. ಎದುರಿನವರನ್ನು ಕೇಳಿದ್ದರೆ ಅವರು ಶೆಟ್ಟರ ಕಡೆ ತೋರಿಸುತ್ತಿದ್ದರು.

ಡಿಸೆಂಬರ್ 26ಕ್ಕೆ ಮತ್ತೆ ಹೋದೆ. ಅಂಗಡಿಯಲ್ಲಿ ನೊಣ ಇಲ್ಲ. ಮಾರಾಟವಾಗದ ಕಾಗದದ ನಕ್ಷತ್ರಗಳು ಮಡಚಿಕೊಂಡು ಮೂಲೆಯಲ್ಲಿ ಬಿದ್ದಿದ್ದವು. ಒಂದು ನಕ್ಷತ್ರ ಎತ್ತಿ, ಎಷ್ಟು ಎಂದೆ. ಮುಂದಿನ ವರ್ಷಕ್ಕಾಗುತ್ತದೆ, ಈಗ ಮೂರು ಕಾಸಿಗೆ ಸಿಗಬಹುದು ಎಂಬ ಆಸೆ.

"250."

"ಮೊನ್ನೆ 150 ಇತ್ತಲ್ಲ ಶೆಟ್ರೇ!"

"ಮೊನ್ನೆ ಆಫರ್ ಇತ್ತು ಮೇಷ್ಟ್ರೇ. ಈಗ ಮುಗೀತು."

ಹೇಳುತ್ತಲೇ ಏಣಿ ಹತ್ತಿದರು. ಕೆಳಗೆ ಹಿಡಿದುಕೊಳ್ಳಿ ಎಂದರು, ಹಿಡಿದುಕೊಂಡೆ. ಹೊಸ ತುಂಡು ಅಂಟಿಸುತ್ತಿದ್ದರು. ಅಳತೆ ತಪ್ಪಿತ್ತು. ಹಬ್ಬದ ಹೆಸರು 'ಕ್ರಿಸ್‌ಮಸ್'ನ ಜಾಗಕ್ಕಿಂತ ಉದ್ದ ಬಂದು, ಎಡಗಡೆಯ ಒಂದು ಅಕ್ಷರ ಹಿಂದಕ್ಕೆ ಮಡಚಿಕೊಂಡಿತು. ರಸ್ತೆಗೆ ಬಂದು ನೋಡಿದೆ. ಹದಿನಾರಡಿ ಉದ್ದಕ್ಕೆ ದೊಡ್ಡದಾಗಿ ಕಾಣುತ್ತಿತ್ತು: 'ಕ್ರಾಂತಿ ಧಮಾಕಾ, 70%'. ವರೆಗೆ ಇದೆಯೋ ಇಲ್ಲವೋ, ಅಲ್ಲಿಂದ ಕಾಣಲಿಲ್ಲ.